ಲಿಫ್ಟಮ್ಮನ ಮೂರನೇ ಕಾಲಂ

ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಹೋಗಿ, ಒಳಗೆ ಸಿಕ್ಕಿಕೊಂಡವರನ್ನು ಕೈಹಿಡಿದು ಹೊರಗೆಳೆದಾಗ ಅವರು ಆಡುವ ಮೊದಲ ಮಾತು ಯಾವುದಿರಬಹುದು? ನೀರು ಕೇಳುತ್ತಾರೆ ಎಂದು ನೀವು ಅಂದುಕೊಂಡಿದ್ದರೆ ತಪ್ಪು. ಇಪ್ಪತ್ತೆರಡು ವರ್ಷಗಳಿಂದ ಲಿಫ್ಟು ರಿಪೇರಿ ಮಾಡುತ್ತ ಬಂದಿರುವ ಲಿಫ್ಟಮ್ಮನನ್ನು ಕೇಳಿ. "ನಾನು ಬಟನ್ನು ಎರಡೆರಡು ಸಲ ಒತ್ತಿಬಿಟ್ಟೆ ಮೇಡಂ, ಅದಕ್ಕೇ ನಿಂತ್ಹೋಯ್ತು" ಅನ್ನುತ್ತಾರೆ. "ಮುಚ್ಚೋ ಬಾಗಿಲಿಗೆ ಕೈ ಅಡ್ಡ ಹಾಕಿದೆ, ನಂದೇ ತಪ್ಪು" ಅನ್ನುತ್ತಾರೆ. ಹೊರಗೆ ಗುಂಪುಗೂಡಿದವರದು ಇನ್ನೊಂದು ರಾಗ. ಕೊನೆಗೆ ಹತ್ತಿದವರು ಯಾರು, ಅವರ ಮೈಕಟ್ಟು ಎಂಥದ್ದು, ಅವರು ಮೆಟ್ಟಿಲು ಹತ್ತಿಹೋಗಿದ್ದರೆ ಏನು ಗಂಟು ಹೋಗುತ್ತಿತ್ತು ಎಂಬ ವಿಚಾರಣೆ ಅಲ್ಲೇ ಶುರುವಾಗಿರುತ್ತದೆ. ಮೇಲೆ ಮಷೀನ್ ರೂಮಿನಲ್ಲಿ ಯಾವುದೋ ರಿಲೇ ಸ್ವಿಚ್ಚು ಆರು ತಿಂಗಳಿಂದ ಸುಡುತ್ತ ಬಂದು ಅವತ್ತು ಕೈಕೊಟ್ಟಿರುತ್ತದೆ. ಅದರ ಕಡೆಗೆ ಯಾರೂ ತಲೆಯೆತ್ತಿ ನೋಡುವುದಿಲ್ಲ.

ಇದನ್ನು ಹೇಳುವಾಗಲೆಲ್ಲ ಲಿಫ್ಟಮ್ಮನಿಗೆ ಮೈಯುರಿಯುತ್ತದೆ. ಅವಳಿಗೆ ಆ ಹೆಸರು ಇಟ್ಟವರು ಊರಿನ ಕಟ್ಟಡಗಳ ಕಾವಲುಗಾರರು. ಗಂಡಸರ ಬೂಟು ಹಾಕಿ, ಹೆಗಲಿಗೆ ಉಪಕರಣಗಳ ಚೀಲ ಏರಿಸಿ ಬರುವ ಹೆಂಗಸನ್ನು ಏನೆಂದು ಕರೆಯಬೇಕೆಂದು ತೋಚದೆ ಒಬ್ಬ ಹಾಗೆ ಕರೆದ, ಹೆಸರು ಅಂಟಿಕೊಂಡಿತು. ಅವಳ ಕೋಪವೂ ಅಷ್ಟೇ ಹೆಸರುವಾಸಿ. ಕಟ್ಟಡಗಳ ಸಂಘದ ಸೆಕ್ರೆಟರಿಗಳೆಂದರೆ ಅವಳಿಗೆ ಆಗದು, ಸೆಕ್ರೆಟರಿಗಳಿಗೆ ಅವಳೆಂದರೆ ಎದೆ ಡವಡವ.

ಕೆಲಸ ಕಲಿಸಿದ್ದು ಒಬ್ಬ ಮುದುಕ ಮೇಸ್ತ್ರಿ. ಅವನು ತನ್ನ ಕೈಕೆಳಗಿನ ಎಲ್ಲರಿಗೂ ಒಂದೊಂದು ಉದ್ದನೆಯ ಪುಸ್ತಕ ಕೊಟ್ಟಿದ್ದ. ಪ್ರತಿ ಹಾಳೆಯಲ್ಲೂ ಮೂರು ಕಾಲಂ: ಕಂಡದ್ದು, ಅಂದುಕೊಂಡದ್ದು, ಸಿಕ್ಕಿದ್ದು. ಮೊದಲನೆಯದರಲ್ಲಿ ಲಿಫ್ಟು ಏನು ಮಾಡುತ್ತಿದೆ ಎಂದಷ್ಟೇ ಬರೆಯಬೇಕು. ಎರಡನೆಯದರಲ್ಲಿ ನಿನ್ನ ತಲೆಗೆ ಮೊದಲು ಬಂದ ಅನುಮಾನವನ್ನು, ಎಷ್ಟೇ ಪೆದ್ದಾಗಿದ್ದರೂ ಸರಿ, ಬರೆಯಬೇಕು. ಮೂರನೆಯದನ್ನು ಮಾತ್ರ ಪ್ಯಾನೆಲ್ಲಿನ ಮುಚ್ಚಳ ಬಿಚ್ಚಿ, ಒಳಗೆ ಕೈಹಾಕಿ, ಕಣ್ಣಾರೆ ನೋಡುವ ತನಕ ಮುಟ್ಟುವ ಹಾಗಿಲ್ಲ. ಸಂಜೆ ಮೇಸ್ತ್ರಿ ಪುಸ್ತಕ ಇಸಿದುಕೊಂಡು ಅಕ್ಷರ ಓದುತ್ತಿರಲಿಲ್ಲ, ಹಾಳೆಯನ್ನು ಬೆಳಕಿಗೆ ಹಿಡಿಯುತ್ತಿದ್ದ. ಮೂರನೇ ಕಾಲಮ್ಮಿನಲ್ಲಿ ಎಣ್ಣೆ ಬೆರಳಿನ ಕಲೆ ಇರಬೇಕು. ಕಲೆ ಇಲ್ಲದೆ ಸ್ವಚ್ಛವಾಗಿದ್ದರೆ, "ಇದನ್ನ ಟೀ ಅಂಗಡೀಲಿ ಕೂತು ಬರೆದಿದ್ದೀಯ" ಎಂದು ಹಾಳೆ ಹರಿದು ಕೈಗೆ ಕೊಡುತ್ತಿದ್ದ. ಮೇಸ್ತ್ರಿ ಹೋದಮೇಲೂ ಲಿಫ್ಟಮ್ಮ ಆ ಪದ್ಧತಿ ಬಿಡಲಿಲ್ಲ. ಅವಳ ಅಕ್ಕನ ಮಗಳು ಚಿಕ್ಕವಳಿದ್ದಾಗ ಈ ಪುಸ್ತಕಗಳನ್ನು ತಿರುವಿಹಾಕಿ, ಕಲೆ ಎಲ್ಲೆಲ್ಲಿದೆ ಎಂದು ಎಣಿಸುತ್ತಿದ್ದಳು.

ಆ ಹುಡುಗಿಯ ಹೆಸರು ಮನೆಯಲ್ಲಿ ರೇಡಿಯೊ. ಎದ್ದ ಗಳಿಗೆಯಿಂದ ಮಲಗುವ ತನಕ ಬಾಯಿ ನಿಂತರೆ ಕೇಳಿ. ಅವಳಮ್ಮ, ಅಂದರೆ ಲಿಫ್ಟಮ್ಮನ ಅಕ್ಕ, ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದಲ್ಲಿದ್ದಳು. ಅಪ್ಪ ದೂರದ ಲಾರಿ ಓಡಿಸುವವನು, ತಿಂಗಳಿಗೆ ಎರಡು ಸಲ ಮನೆ ಕಂಡರೆ ಹೆಚ್ಚು. ಮನೆ ನಾಲ್ಕನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟು ಇತ್ತು, ಆದರೆ ಅದು ಕೆಟ್ಟು ಹನ್ನೊಂದು ದಿನವಾಗಿತ್ತು.

ಹನ್ನೊಂದನೆಯ ದಿನ, ಒಂದು ಶನಿವಾರ ಸಂಜೆ, ಅಕ್ಕ ಕೆಲಸದಿಂದ ಬರುವಾಗ ದಿನಸಿ ತಂದಳು. ಕೆಳಗಿನಿಂದ ಮಗಳಿಗೆ ಫೋನು ಮಾಡಿ, "ಕೆಳಗೆ ಬಾರೇ, ಬ್ಯಾಗು ಭಾರ ಇದೆ" ಅಂದಳು. ರೇಡಿಯೊ ಗೆಳತಿಯ ಜೊತೆ ಯಾವುದೋ ಮುಗಿಯದ ಹರಟೆಯಲ್ಲಿದ್ದವಳು, "ಐದು ನಿಮಿಷ ತಡಿ ಅಮ್ಮ, ಬರ್ತೀನಿ" ಅಂದಳು. ಒಂಬತ್ತು ನಿಮಿಷವಾಯಿತು. ಅಮ್ಮ ಅಷ್ಟು ಹೊತ್ತು ಕಾಯಲಿಲ್ಲ, ಎರಡೂ ಬ್ಯಾಗು ಹಿಡಿದು ಹತ್ತತೊಡಗಿದಳು. ಮೂರನೇ ಮಹಡಿಯ ತಿರುವಿನಲ್ಲಿ ಬಿದ್ದವಳು ಏಳಲಿಲ್ಲ. ಹೃದಯಾಘಾತ, ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು ಅಂದರು ಡಾಕ್ಟರು. ಅಕ್ಕನಿಗೆ ನಲವತ್ತೇಳು, ಮಗಳಿಗೆ ಹದಿನಾರು.

ಸಾವಿನ ಮನೆಗೆ ಬಂದವರು ಸುಮ್ಮನೆ ಕೂತು ಎದ್ದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಕೆಲವರಿಗೆ ಬಾಯಿ ಮುಚ್ಚಿಕೊಂಡು ದುಃಖಪಡುವುದಕ್ಕೆ ಬರುವುದೇ ಇಲ್ಲ. ಲಾರಿ ಭಾವನ ಅಕ್ಕ, ರೇಡಿಯೊಗೆ ದೊಡ್ಡತ್ತೆ, ನಡುಮನೆಯ ನಡುವೆ ಕೂತು ಎಲ್ಲರಿಗೂ ಕೇಳುವ ಹಾಗೆ ಅಂದಳು: "ಮಗಳು ಒಂದು ಬ್ಯಾಗು ಹಿಡ್ಕೊಂಡಿದ್ದಿದ್ರೆ ಸಾಕಿತ್ತು. ಫೋನು ಬಿಟ್ಟು ಏಳಬೇಕಲ್ಲ ಈಗಿನ ಮಕ್ಕಳು!" ಕೂತವರು ತಲೆಯಾಡಿಸಿದರು. ಯಾರೋ ಪಕ್ಕದ ಮನೆಯ ಹೆಂಗಸು "ಪಾಪ, ಬಿಡಿ, ಅವಳಿಗೇನು ಗೊತ್ತಾಗತ್ತೆ" ಎಂದು ಸಮಾಧಾನದ ದನಿಯಲ್ಲಿ ಅದನ್ನೇ ಇನ್ನೊಮ್ಮೆ ಗಟ್ಟಿಮಾಡಿದಳು. ಎಂಥ ಜನ ನೋಡಿ! ಹದಿನಾರು ವರ್ಷದ ಮಗುವಿನ ಹಣೆಗೆ ಅದರ ತಾಯಿಯ ಸಾವನ್ನು ಕಟ್ಟಿ, ಲೋಟದಲ್ಲಿ ಉಳಿದಿದ್ದ ಟೀ ಕುಡಿದು, ಚಪ್ಪಲಿ ಹುಡುಕಿಕೊಂಡು ಹೊರಟುಹೋದರು.

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಲಿಫ್ಟಮ್ಮನಿಗೆ ಆ ಮಾತು ಚೆನ್ನಾಗಿಯೇ ಕೇಳಿಸಿತು. ಸೆಕ್ರೆಟರಿಗಳ ನೀರಿಳಿಸುವ ಹೆಂಗಸು ಬಾಗಿಲಿಗೆ ಬಂದು ನಿಂತಳು, ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಅವಳ ಬಾಯಿಗೆ ಬೀಗ ಬಿದ್ದದ್ದಕ್ಕೆ ಕಾರಣವಿತ್ತು. ಅದು ಆಗ ಅವಳೊಬ್ಬಳಿಗೇ ಗೊತ್ತಿತ್ತು.

ಲಾರಿ ಭಾವ ಹದಿನೈದು ದಿನ ಗೋಡೆ ನೋಡುತ್ತ ಕೂತು, ಮತ್ತೆ ಲಾರಿ ಹತ್ತಿದ. ಲಿಫ್ಟಮ್ಮ ತನ್ನ ಒಂಟಿ ಕೋಣೆಗೆ ಬೀಗ ಹಾಕಿ, ಎರಡು ಪೆಟ್ಟಿಗೆ ಹಿಡಿದು ಅಕ್ಕನ ಮನೆಗೆ ಬಂದುಬಿಟ್ಟಳು. ರೇಡಿಯೊ ಆಫ್ ಆಗಿತ್ತು. ಕೇಳಿದ್ದಕ್ಕೆ ಹೂಂ, ಉಹೂಂ. ಹಾಕಿದಷ್ಟು ತಿನ್ನುತ್ತಿದ್ದಳು, ಶಾಲೆಗೆ ಹೋಗಿ ಬರುತ್ತಿದ್ದಳು. ಅಳುತ್ತಿರಲಿಲ್ಲ. ನೋಡಿದವರು "ಹುಡುಗಿ ಗಟ್ಟಿ" ಎಂದು ಮೆಚ್ಚಿಕೊಂಡರು.

ಎಷ್ಟು ಗಟ್ಟಿ ಎಂಬುದು ಗೊತ್ತಾದದ್ದು ಕಾವಲುಗಾರನಿಂದ. "ಲಿಫ್ಟಮ್ಮ, ನಿಮ್ಮ ಹುಡುಗಿ ದಿನಾ ಸಂಜೆ ಎರಡು ಬ್ಯಾಗು ತುಂಬ ನೀರಿನ ಬಾಟ್ಲಿ ತುಂಬ್ಕೊಂಡು ಮೆಟ್ಲು ಹತ್ತತಾಳೆ. ಮೇಲೆ ಹೋಗಿ ಇಳೀತಾಳೆ, ಮತ್ತೆ ಹತ್ತತಾಳೆ. ಲಿಫ್ಟು ಸರಿಯಾಗಿದೆಯಲ್ಲಮ್ಮ ಅಂದ್ರೆ ಕಿವೀಗೇ ಹಾಕ್ಕೊಳಲ್ಲ." ಹೌದು, ಲಿಫ್ಟು ಸರಿಯಾಗಿತ್ತು. ಹನ್ನೊಂದು ದಿನ ಆಗದ ರಿಪೇರಿ ಅಕ್ಕ ಸತ್ತ ಎರಡನೇ ದಿನಕ್ಕೇ ಆಗಿತ್ತು. ಕೆಟ್ಟಿದ್ದು ಬಾಗಿಲ ಲಾಕಿನೊಳಗೆ ಕರೆಂಟು ಹಾಯಿಸುವ, ಹೆಬ್ಬೆರಳಿನಷ್ಟಿರುವ ಒಂದು ಕಾಂಟ್ಯಾಕ್ಟು, ನಲವತ್ತು ನಿಮಿಷದ ಕೆಲಸ. ದೂರು ಬರೆಯಬೇಕಾದವನು ನೀನೋ ನಾನೋ ಎಂದು ಸೆಕ್ರೆಟರಿಯೂ ಅಧ್ಯಕ್ಷನೂ ಹನ್ನೊಂದು ದಿನ ಮುಖ ತಿರುಗಿಸಿಕೊಂಡಿದ್ದರು.

ಮರುದಿನ ಲಿಫ್ಟಮ್ಮ ಬೇಗ ಬಂದು ಮೂರನೇ ಮಹಡಿಯ ತಿರುವಿನಲ್ಲಿ ಕೂತಳು. ಹುಡುಗಿ ಬೆವರಿನಲ್ಲಿ ತೊಯ್ದು ಬಂದಳು. ಬ್ಯಾಗಿನ ಹಿಡಿ ಕುಯ್ದು ಎರಡು ಅಂಗೈಯಲ್ಲೂ ಬೊಬ್ಬೆ ಎದ್ದಿದ್ದವು.

"ಏನೇ ಇದು?"

"ಅಮ್ಮಂಗೆ ಎಷ್ಟು ಕಷ್ಟ ಆಗಿರತ್ತೆ ಅಂತ ನೋಡ್ತಿದ್ದೆ."

"ನೋಡಿ?"

"ನೋಡಿ ಏನಿಲ್ಲ. ನಾನೇ ತಾನೇ ಸಾಯಿಸಿದ್ದು." ಹುಡುಗಿ ಇದನ್ನು ನಾಳೆ ಶಾಲೆಗೆ ರಜೆ ಎಂದು ಹೇಳುವ ದನಿಯಲ್ಲಿ ಹೇಳಿ, ಬ್ಯಾಗು ಎತ್ತಿಕೊಂಡು ಮೇಲೆ ಹೋದಳು.

ಅವಳು ಮೊದಲು ಹೋದದ್ದು ಶಾಲೆಗೆ. ಅಲ್ಲಿ ಮಕ್ಕಳ ಮನಸ್ಸಿನ ತೊಂದರೆ ನೋಡಲು ಒಬ್ಬ ಕೌನ್ಸೆಲರ್ ಇದ್ದಳು, ಕೂರಲು ಆಟದ ಸಾಮಾನಿನ ಕೋಣೆ. ಕೌನ್ಸೆಲರ್ ಒಂದು ಅಚ್ಚುಹಾಕಿದ ಹಾಳೆ ತೋರಿಸಿದಳು. ಎಡಗಡೆ ಅಳುವ ಮೋಡ, ಬಲಗಡೆ ನಗುವ ಸೂರ್ಯ. ಮೋಡದಲ್ಲಿ ಕೆಟ್ಟ ಯೋಚನೆ ಬರೆಯಬೇಕು, ಸೂರ್ಯನಲ್ಲಿ ಅದರ ಬದಲಿಗೆ ಒಳ್ಳೆಯ ಯೋಚನೆ. ರೇಡಿಯೊ ಮೋಡದಲ್ಲಿ 'ಅಮ್ಮನನ್ನು ಸಾಯಿಸಿದೆ' ಎಂದು ಬರೆದಿದ್ದಳು. ಸೂರ್ಯನಲ್ಲಿ ಕೌನ್ಸೆಲರ್ ಹೇಳಿಕೊಟ್ಟ ಹಾಗೆ 'ಅಮ್ಮ ನಕ್ಷತ್ರವಾಗಿ ನನ್ನನ್ನು ನೋಡುತ್ತಿದ್ದಾಳೆ' ಎಂದು ದುಂಡಗೆ ಬರೆದಿದ್ದಳು.

"ಇದನ್ನ ಬರೆದ ದಿನ ಸಂಜೆ ಅವಳು ಏನು ಮಾಡಿದ್ಲು ಗೊತ್ತಾ ನಿಮ್ಗೆ?" ಲಿಫ್ಟಮ್ಮನ ದನಿ ಹೊರಗಿನ ಆಟದ ಮೈದಾನದವರೆಗೂ ಹೋಯಿತು. "ಕೈ ಹರಿಯೋ ತನಕ ಭಾರ ಹೊತ್ಕೊಂಡು ಮೆಟ್ಲು ಹತ್ತಿದ್ಲು. ಫ್ಯೂಸು ಹೋದ ಕಡೆ ಬಲ್ಬಿನ ಚಿತ್ರ ಅಂಟಿಸಿದ್ರೆ ಬೆಳಕು ಬರತ್ತೇನ್ರಿ? ಸಾಯಿಸಿದೆ ಅಂತಿದಾಳೆ ಮಗು. ಹೇಗೆ, ಏನು, ನಿಜವಾ, ಸುಳ್ಳಾ ಅಂತ ಒಂದು ಮಾತು ಕೇಳ್ಬಾರ್ದಾ?"

ಕೌನ್ಸೆಲರಳ ಕಣ್ಣು ತುಂಬಿತು. ಅವಳೂ ಇಪ್ಪತ್ತೈದರ ಹುಡುಗಿಯೇ. "ನಮಗೆ ಕಲಿಸಿದ್ದೂ ಅದನ್ನೇ ಮೇಡಂ. ಯೋಚನೆಗೆ ಸಾಕ್ಷಿ ಕೇಳ್ಬೇಕು, ಪರವಾಗಿ ಏನಿದೆ ವಿರುದ್ಧವಾಗಿ ಏನಿದೆ ನೋಡ್ಬೇಕು, ಆಮೇಲೆ ಮಗೂನೇ ತಿದ್ದಿಕೊಳ್ಳೋ ಹಾಗೆ ಮಾಡ್ಬೇಕು ಅಂತ. ವಾರಕ್ಕೆ ಮೂರು ಗಂಟೆ ಬರ್ತೀನಿ, ಏಳು ನೂರು ಮಕ್ಕಳು. ಸಾಕ್ಷಿ ಕೇಳೋಕೆ ಹೊತ್ತೆಲ್ಲಿದೆ? ಹಾಳೆ ಹಂಚ್ತೀನಿ." ಲಿಫ್ಟಮ್ಮನ ಸಿಟ್ಟು ಅವಳ ಮೇಲಿನಿಂದ ಇಳಿದು, ಏಳು ನೂರು ಮಕ್ಕಳಿಗೆ ಮೂರು ಗಂಟೆ ಎಂದು ನಿಗದಿಮಾಡಿದ ಮಹಾನುಭಾವರ ಮೇಲೆ ಏರಿತು. ಅವರು ಅಲ್ಲಿರಲಿಲ್ಲ.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಆ ಮಾತು ಸುತ್ತುತ್ತಿತ್ತು. ಸಾಕ್ಷಿ ಕೇಳುವುದು, ಪರ ನೋಡುವುದು, ವಿರುದ್ಧ ನೋಡುವುದು, ತಿದ್ದುವುದು. ಇದು ಮೇಸ್ತ್ರಿಯ ಪುಸ್ತಕವಲ್ಲದೆ ಇನ್ನೇನು! ಮನೆಗೆ ಬಂದವಳೇ ಹೊಸ ಪುಸ್ತಕವೊಂದನ್ನು ತೆಗೆದು ಮೂರು ಗೆರೆ ಎಳೆದಳು. ಕಂಡದ್ದು: ಅಮ್ಮ ಫೋನು ಮಾಡಿದಳು, ಮಗಳು ಹೋಗುವುದು ತಡವಾಯಿತು, ಅಮ್ಮ ಬಿದ್ದಳು. ಅಂದುಕೊಂಡದ್ದು: ನಾನೇ ಸಾಯಿಸಿದೆ. ಸಿಕ್ಕಿದ್ದು: ನಿನ್ನ ತಪ್ಪು ಏನೇನೂ ಇಲ್ಲ. ಕೊನೆಯದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡಿಗೆರೆ ಹಾಕಿದಳು. ಊಟದ ತಟ್ಟೆ ಎತ್ತಿದಮೇಲೆ ಪುಸ್ತಕವನ್ನು ಹುಡುಗಿಯ ಮುಂದಿಟ್ಟು, ಹೆಮ್ಮೆಯಿಂದ ಕೈಕಟ್ಟಿಕೊಂಡು ಕೂತಳು.

ರೇಡಿಯೊ ಓದಿದಳು. ಹಾಳೆಯನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದಳು.

"ಕಲೆ ಇಲ್ಲ ಚಿಕ್ಕಮ್ಮ," ಅಂದಳು.

"ಏನು?"

"ಮೂರನೇದ್ರಲ್ಲಿ ಎಣ್ಣೆ ಕಲೆ ಇಲ್ಲ. ನೀನು ಮುಚ್ಚಳಾನೇ ಬಿಚ್ಚಿಲ್ಲ. ನಾನೆಷ್ಟು ಹೊತ್ತು ತಡ ಮಾಡಿದೆ ಅಂತ ಕೇಳಿದ್ಯಾ? ಆಗ ಏನು ಮಾಡ್ತಿದ್ದೆ ಅಂತ ಕೇಳಿದ್ಯಾ? ಕೌನ್ಸೆಲರ್ ಟೀಚರೂ ಹೀಗೇ, ನೀನೂ ಹೀಗೇ. ಸುಮ್ನಿರಿಸೋಕೆ ಬರೀತೀರ." ಹಾಳೆಯನ್ನು ನೀಟಾಗಿ ಹರಿದು ಚಿಕ್ಕಮ್ಮನ ಕೈಗೆ ಕೊಟ್ಟು ಕೋಣೆಗೆ ಹೋದಳು. ಮುಂದಿನ ಐದು ದಿನ ಹೂಂ ಉಹೂಂ ಕೂಡ ಇರಲಿಲ್ಲ. ಬ್ಯಾಗಿನಲ್ಲಿ ಬಾಟಲಿಗಳ ಸಂಖ್ಯೆ ಏರಿತು.

ಲಿಫ್ಟಮ್ಮ ಜೀವನದಲ್ಲಿ ಯಾರ ಮೇಲೂ ಮಾಡಿರದಷ್ಟು ಸಿಟ್ಟನ್ನು ಆ ಐದು ದಿನ ತನ್ನ ಮೇಲೆ ಮಾಡಿಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ಮಷೀನಿಗೂ ಮಾಡದ ಮೋಸವನ್ನು ಸ್ವಂತ ಅಕ್ಕನ ಮಗಳಿಗೆ ಮಾಡಿದ್ದಳು. ಮುಚ್ಚಳ ಯಾಕೆ ಬಿಚ್ಚಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಬಿಚ್ಚಿದರೆ ಒಳಗೆ ತನ್ನದೂ ಒಂದು ತಂತಿ ಸಿಗುತ್ತಿತ್ತು. ಆರನೇ ದಿನ ಯಾವುದೋ ಕಟ್ಟಡದ ತಾರಸಿಯ ಮಷೀನ್ ರೂಮಿನಲ್ಲಿ ಬ್ರೇಕಿಗೆ ಕೈಹಾಕಿದ್ದವಳು ಕೈ ಒರೆಸಿಕೊಳ್ಳದೆಯೇ ಪುಸ್ತಕ ತೆಗೆದು, ಈ ಸಲ ತನ್ನ ಬಗ್ಗೆಯೇ ಬರೆದಳು. ಮೂರನೇ ಕಾಲಂ ಖಾಲಿ ಬಿಟ್ಟಳು. ಸಂಜೆ ಮೆಟ್ಟಿಲಿನ ತಿರುವಿನಲ್ಲಿ ಹುಡುಗಿಯನ್ನು ತಡೆದು ಕೊಟ್ಟಳು.

ಕಂಡದ್ದು ಎಂಬಲ್ಲಿ ಹೀಗಿತ್ತು: 'ಅಕ್ಕ ಹೋಗುವುದಕ್ಕೆ ಆರು ದಿನ ಮುಂಚೆ, ಭಾನುವಾರ, ನನಗೆ ಫೋನು ಮಾಡಿ ಲಿಫ್ಟು ಕೆಟ್ಟಿದೆ, ಬಂದು ನೋಡು ಅಂದಳು. ಅದು ನಮ್ಮ ಕಂಪನಿಯದಲ್ಲ, ಬೇರೆಯವರ ಪ್ಯಾನೆಲ್ಲಿಗೆ ನಾನು ಕೈಹಾಕುವ ಹಾಗಿಲ್ಲ ಅಂದೆ. ನಾಲ್ಕು ಮಹಡಿ ತಾನೇ, ಹತ್ತು, ಮೈಗೆ ಒಳ್ಳೆಯದು ಎಂದು ನಕ್ಕೆ.' ಅಂದುಕೊಂಡದ್ದು ಎಂಬಲ್ಲಿ: 'ಅಕ್ಕನನ್ನು ನಾನೇ ಸಾಯಿಸಿದೆ.'

ರೇಡಿಯೊ ಎರಡು ಸಲ ಓದಿದಳು. ಬ್ಯಾಗು ಕೆಳಗಿಟ್ಟಳು.

"ಇದೇನು ಚಿಕ್ಕಮ್ಮ ಹುಚ್ಚುಚ್ಚಾಗಿ ಬರೆದಿದ್ದೀಯ?"

"ತಲೆಗೆ ಬಂದಿದ್ದನ್ನ ಬರೀಬೇಕು. ಅದೇ ಪದ್ಧತಿ."

"ನಿನಗೇನು ಕನಸು ಬಿದ್ದಿತ್ತಾ ಅಮ್ಮಂಗೆ ಹೀಗಾಗತ್ತೆ ಅಂತ? ನೀನು ಕೈಹಾಕಿದ್ರೆ ನಿನ್ನ ಕೆಲ್ಸಾನೇ ಹೋಗ್ತಿತ್ತು. ಮೈಗೆ ಒಳ್ಳೇದು ಅಂತ ಎಲ್ರೂ ಅಂತಾರೆ. ಅಮ್ಮಾನೂ ಅಂತಿದ್ಲು!" ತಿಂಗಳುಗಳಿಂದ ಆಡಿರದ ಅಷ್ಟೂ ಮಾತು ಒಂದೇ ಉಸಿರಿಗೆ ಬಂತು. ಹುಡುಗಿಯ ಕೆನ್ನೆ ಸಿಟ್ಟಿನಿಂದ ಕೆಂಪಾಗಿತ್ತು.

"ಹಾಗಂತ ನೀನೂ ಟೀ ಅಂಗಡೀಲಿ ಕೂತು ಬರೀಬೇಡ," ಅಂದಳು ಲಿಫ್ಟಮ್ಮ. "ನಂಗೂ ಸಮಾಧಾನ ಬೇಡ ಕಣೇ. ನಂದು ತಪ್ಪಿದ್ರೆ ಇದೆ ಅಂತ ಗೊತ್ತಾಗ್ಲಿ. ನಿಂದು ಇದ್ರೆ ಅದೂ ಗೊತ್ತಾಗ್ಲಿ. ಇಬ್ರೂ ಸೇರಿ ಮುಚ್ಚಳ ಬಿಚ್ಚೋಣ. ಏನು ಸಿಕ್ಕತ್ತೋ ಅದನ್ನೇ ಬರೆಯೋಣ."

"ಏನು ಸಿಕ್ಕಿದ್ರೂ ಬರೀತೀಯಾ?" ಅಂದಳು ಹುಡುಗಿ. "ಏನು ಸಿಕ್ಕಿದ್ರೂ," ಅಂದಳು ಲಿಫ್ಟಮ್ಮ.

ಮೊದಲು ನೋಡಿದ್ದು ಫೋನು. ಐದು ಮೂವತ್ತೆರಡಕ್ಕೆ ಅಮ್ಮನ ಕರೆ. ಐದು ನಲವತ್ತೊಂದಕ್ಕೆ, ಪಕ್ಕದ ಮನೆಯವರು ಕೂಗಿದಾಗ, ಗೆಳತಿಯ ಜೊತೆಗಿನ ಹರಟೆ ನಿಂತದ್ದು. ಒಂಬತ್ತು ನಿಮಿಷವನ್ನು ಹುಡುಗಿ ತನ್ನ ಕೈಯಾರೆ ಬರೆದಳು, ಲಿಫ್ಟಮ್ಮ ಕಡಿಮೆ ಮಾಡಿಸಲಿಲ್ಲ. ಆಮೇಲೆ ಲಾಂಡ್ರಿಗೆ ಹೋದರು. ಅಕ್ಕನ ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸು ಕಣ್ಣೊರೆಸಿಕೊಂಡು ಹೇಳಿದಳು: "ಆರು ತಿಂಗಳಿಂದ ದಿನಕ್ಕೆರಡು ಸಲ ಎದೆ ಹಿಡ್ಕೊಂಡು ಕೂರ್ತಿದ್ಲು ತಾಯಿ. ಉರಿ ಅಷ್ಟೇ, ಆವಿ ಕಾವಿಗೆ ಹೀಗಾಗತ್ತೆ, ಮನೇಲಿ ಹೇಳ್ಬೇಡ ಅಂತಿದ್ಲು." ಮನೆಗೆ ಬಂದು ಅಮ್ಮನ ಬೀರುವಿನ ಕೆಳಖಾನೆ ತೆಗೆದರು. ಅಲ್ಲಿಯವರೆಗೆ ಅದನ್ನು ಮುಟ್ಟುವ ಧೈರ್ಯ ಇಬ್ಬರಿಗೂ ಬಂದಿರಲಿಲ್ಲ. ಮಡಿಸಿದ ಹೊದಿಕೆಗಳ ಹಿಂದೆ ಗ್ಯಾಸಿಗೆ ಕುಡಿಯುವ ಗುಲಾಬಿ ಔಷಧಿಯ ನಾಲ್ಕು ಖಾಲಿ ಬಾಟಲಿ, ಐದನೆಯದು ಅರ್ಧ. ಯಾರಿಗೂ ಕಾಣದ ಹಾಗೆ ಅಡಗಿಸಿಟ್ಟಿದ್ದಳು ಪುಣ್ಯಾತ್ಮಗಿತ್ತಿ. "ಹೇಳೋಕೇನಾಗಿತ್ತು ಇವಳಿಗೆ!" ಎಂದು ಹುಡುಗಿ ಬಾಟಲಿ ಹಿಡಿದುಕೊಂಡು ಕಿರುಚಿದಳು. ತಾಯಿಯ ಮೇಲೆ ಅವಳಿಗೆ ಸಿಟ್ಟು ಬಂದದ್ದು ಅದೇ ಮೊದಲು. ಲಿಫ್ಟಮ್ಮ ತಡೆಯಲಿಲ್ಲ, ಅವಳಿಗೂ ಅದೇ ಸಿಟ್ಟು.

ಕೊನೆಗೆ ಆಸ್ಪತ್ರೆ. ಅಕ್ಕನನ್ನು ನೋಡಿದ್ದ ಡಾಕ್ಟರನ್ನು ಹೊರರೋಗಿಗಳ ಸಾಲಿನಲ್ಲಿ ಎರಡು ಗಂಟೆ ಕಾದು ಹಿಡಿದರು. ಆತ ಬನ್ನು ತಿನ್ನುತ್ತಿದ್ದವನು, ಹುಡುಗಿಯ ಪ್ರಶ್ನೆ ಕೇಳಿ ಅದನ್ನು ಕೆಳಗಿಟ್ಟ. ಆರು ತಿಂಗಳ ಎದೆನೋವಿನ ಕತೆಯನ್ನೆಲ್ಲ ಹೇಳಿ ಕೇಳಿದ ಪ್ರಶ್ನೆ ನೇರವಾಗಿತ್ತು: "ನಾನು ಆ ಬ್ಯಾಗು ಹಿಡ್ಕೊಂಡಿದ್ರೆ ಅಮ್ಮ ಉಳೀತಿದ್ಲಾ?"

"ಗೊತ್ತಿಲ್ಲಮ್ಮ," ಅಂದ ಡಾಕ್ಟರು. ಲಿಫ್ಟಮ್ಮನಿಗೆ ಅವನ ಕಾಲರು ಹಿಡಿಯಬೇಕೆನಿಸಿತು. ಅವನು ಮುಂದುವರಿಸಿದ: "ಅವತ್ತು ಉಳೀಬಹುದಿತ್ತು. ಮಾರನೇ ದಿನ ಇಸ್ತ್ರಿ ಮೇಜಿನ ಹತ್ರ ಆಗಬಹುದಿತ್ತು, ನಿದ್ದೇಲಿ ಆಗಬಹುದಿತ್ತು. ರಕ್ತನಾಳ ಬಹಳ ದಿನದಿಂದ ಮುಚ್ಚಿಕೊಳ್ತಾ ಬಂದಿತ್ತು. ನೀನು ಬೇಗ ಇಳಿದು ಬಂದಿದ್ರೂ ಅದು ತೆರೀತಿರಲಿಲ್ಲ. ಬೇಕಾಗಿದ್ದು ಆರು ತಿಂಗಳ ಹಿಂದೆ ಒಬ್ಬ ಡಾಕ್ಟರು. ಆ ಕೆಲಸ ಹದಿನಾರು ವರ್ಷದವಳದ್ದಲ್ಲ."

ಆ ಸಂಜೆ ಹುಡುಗಿ ಊಟದ ಮೇಜಿನ ಮೇಲೆ ಪುಸ್ತಕ, ಫೋನು, ಅರ್ಧ ಬಾಟಲಿ ಎಲ್ಲವನ್ನೂ ಜೋಡಿಸಿಕೊಂಡು ಕೂತಳು. ಮೊದಲು ಚಿಕ್ಕಮ್ಮನ ಹಾಳೆ ತುಂಬಿದಳು: 'ನಕ್ಕದ್ದು ನಿಜ. ಗೊತ್ತಿದ್ದರೆ ನಗುತ್ತಿರಲಿಲ್ಲ. ಲಿಫ್ಟು ಸರಿಮಾಡಿಸಬೇಕಾದವರು ಬೇರೆ.' ಆಮೇಲೆ ತನ್ನದನ್ನು. ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಬೆರಳಿಗೆ ಔಷಧಿ ಅಂಟಿಕೊಂಡಿತ್ತು, ಹಾಳೆಯ ಮೇಲೆ ಗುಲಾಬಿ ಕಲೆ ಬಿತ್ತು. ಲಿಫ್ಟಮ್ಮ ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ಹಾಕಿ ನಿಂತಿದ್ದಳು, ಒಂದೇ ಪಾತ್ರೆಯನ್ನು ಮೂರು ಸಲ ತೊಳೆದಳು.

'ಅಮ್ಮನಿಗೆ ಆರು ತಿಂಗಳಿಂದ ಹುಷಾರಿರಲಿಲ್ಲ. ಯಾರಿಗೂ ಹೇಳಲಿಲ್ಲ. ಲಿಫ್ಟು ಹನ್ನೊಂದು ದಿನ ಕೆಟ್ಟಿತ್ತು. ನಾನು ಐದು ನಿಮಿಷ ಅಂದು ಒಂಬತ್ತು ನಿಮಿಷ ಮಾಡಿದೆ. ತಡಮಾಡಿದ್ದು ನಿಜ. ಸಾಯಿಸಿದ್ದು ಸುಳ್ಳು.'

ಪೆನ್ನು ಕೆಳಗಿಟ್ಟು, "ಆ ಬ್ಯಾಗಲ್ಲಿ ನನ್ನ ಬಿಸ್ಕತ್ತಿತ್ತು ಚಿಕ್ಕಮ್ಮ," ಅಂದವಳು ಅಳುವುದಕ್ಕೆ ಶುರುಮಾಡಿದಳು. ಅಷ್ಟು ದಿನ ಆ ಮಗುವಿಗೆ ಅಮ್ಮನಿಗಾಗಿ ಅಳಲು ಪುರುಸೊತ್ತೇ ಸಿಕ್ಕಿರಲಿಲ್ಲ, ತನ್ನನ್ನು ತಾನು ಶಿಕ್ಷಿಸಿಕೊಳ್ಳುವುದೇ ಕೈತುಂಬ ಕೆಲಸವಾಗಿತ್ತು. ಎರಡು ತಿಂಗಳ ಅಳುವನ್ನು ಆ ದೊಡ್ಡತ್ತೆ, ಆ ತಲೆಯಾಡಿಸಿದವರು ಸೇರಿ ಕಿತ್ತುಕೊಂಡಿದ್ದರು. ಲಿಫ್ಟಮ್ಮ ಒದ್ದೆ ಕೈಯಲ್ಲೇ ಅವಳನ್ನು ಅಪ್ಪಿಕೊಂಡು ತಾನೂ ಅತ್ತಳು.

ಒಂದು ಹಾಳೆ ಬರೆದರೆ ಎಲ್ಲ ಮುಗಿಯಿತು ಎಂದು ಯಾರೂ ತಿಳಿಯಬೇಡಿ. ಆ ಮಾತು ಮತ್ತೆ ಬರುತ್ತಿತ್ತು, ಸ್ನಾನ ಮಾಡುವಾಗ, ಪರೀಕ್ಷೆಯ ನಡುವೆ. ಬಂದಾಗಲೆಲ್ಲ ಹುಡುಗಿ ಪುಸ್ತಕ ತೆಗೆದು ಗುಲಾಬಿ ಕಲೆ ನೋಡುತ್ತಿದ್ದಳು. ಬಾಟಲಿಗಳ ಸಂಖ್ಯೆ ಇಳಿಯಿತು, ಒಂದು ವಾರ ಬ್ಯಾಗು ಮೂಲೆ ಸೇರಿತು, ಮತ್ತೊಂದು ವಾರ ಹೊರಬಂತು. ದೊಡ್ಡತ್ತೆ ಒಮ್ಮೆ ಮನೆಗೆ ಬಂದು "ಈಗಲಾದ್ರೂ ಬುದ್ಧಿ ಬಂತಾ" ಎಂದು ಶುರುಮಾಡಿದಾಗ ಲಿಫ್ಟಮ್ಮನ ಬಾಯಿಗೆ ಬೀಗವಿರಲಿಲ್ಲ. ಅವಳು ಅವತ್ತು ಏನೇನು ಅಂದಳು ಎಂಬುದನ್ನು ಇಲ್ಲಿ ಬರೆಯಲಾಗದು. ದೊಡ್ಡತ್ತೆ ಟೀ ಕುಡಿಯದೆ ಹೋದಳು ಎಂದಷ್ಟು ಹೇಳಬಹುದು.

ಉಳಿದ ಸಿಟ್ಟನ್ನು ಲಿಫ್ಟಮ್ಮ ಸೇರಬೇಕಾದ ಜಾಗಕ್ಕೇ ಸೇರಿಸಿದಳು. ಕಟ್ಟಡದ ಸಂಘಕ್ಕೆ ನಾಲ್ಕು ಪುಟದ ಪತ್ರ ಬರೆದಳು. ಹನ್ನೊಂದು ದಿನದಲ್ಲಿ ಯಾವ ದಿನ ಯಾರು ಏನು ಮಾಡಲಿಲ್ಲ ಎಂಬುದನ್ನು ಕಾವಲುಗಾರನ ಪುಸ್ತಕ ನೋಡಿ ದಿನಾಂಕದ ಸಮೇತ ಬರೆದು, ಒಂದು ಪ್ರತಿಯನ್ನು ಲಿಫ್ಟು ತಪಾಸಣೆಯ ಇಲಾಖೆಗೂ ಕಳಿಸಿದಳು. ಇಲಾಖೆ ಮೈಕೊಡವಿ ಎದ್ದು, ಎಲ್ಲ ಮಹಡಿಯ ಬಾಗಿಲ ಲಾಕುಗಳನ್ನೂ ಹೊಸದು ಹಾಕಿಸಿ ಎಂದು ಆಜ್ಞೆ ಮಾಡಿತು. ಆ ಕೆಲಸ ನಡೆದ ಶನಿವಾರ ಲಿಫ್ಟು ಬಂದ್. ಸೆಕ್ರೆಟರಿ ಪತ್ರ ಹಿಡಿದುಕೊಂಡು ಸಂಜೆ ನಾಲ್ಕನೇ ಮಹಡಿಗೆ ಹತ್ತಿಬಂದ, ಏದುಸಿರು ಬಿಡುತ್ತ.

"ಇಷ್ಟೆಲ್ಲ ಬರೆಯೋ ಅಗತ್ಯ ಏನಿತ್ತು ಮೇಡಂ? ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವಾ?"

"ನಮ್ಮಕ್ಕ ಹೇಳಿದ್ಲಲ್ರೀ ಬಾಯಲ್ಲಿ! ಮೂರು ಸಲ ನಿಮ್ಮ ಬಾಗಿಲಿಗೆ ಬಂದು ಹೇಳಿದ್ಲು. ಕಾವಲುಗಾರ ಬರ್ಕೊಂಡಿದಾನೆ, ಓದ್ಲಾ?" ಲಿಫ್ಟಮ್ಮ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಅವನ ನೀರಿಳಿಸುತ್ತಿದ್ದಾಗ ಫೋನು ಬಂತು. ಕೆಳಗಿನಿಂದ ರೇಡಿಯೊ.

"ಚಿಕ್ಕಮ್ಮ, ಕೆಳಗೆ ಬಾ. ದಿನಸಿ ತಂದಿದ್ದೀನಿ, ಬ್ಯಾಗು ಭಾರ ಇದೆ."

"ಐದು ನಿಮಿಷ ತಡಿ ಕಣೇ, ಬರ್ತೀನಿ!" ಅಂದಳು ಲಿಫ್ಟಮ್ಮ, ಕಣ್ಣು ಸೆಕ್ರೆಟರಿಯ ಮೇಲೇ ಇತ್ತು.

ಬಾಯಿಂದ ಹೊರಬಿದ್ದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಫೋನಿನ ಆ ಕಡೆ ಸದ್ದಿಲ್ಲ. ಸೆಕ್ರೆಟರಿ ಇನ್ನೂ ಏನೋ ಹೇಳುತ್ತಿದ್ದ, ಅವನ ತುಟಿ ಆಡುವುದಷ್ಟೇ ಅವಳಿಗೆ ಕಂಡಿತು. ಕೆಳಗೆ ಹುಡುಗಿ ಎರಡೂ ಬ್ಯಾಗು ಎತ್ತಿಕೊಳ್ಳುತ್ತಿರಬಹುದು, ಮೊದಲ ಮೆಟ್ಟಿಲಿಗೆ ಕಾಲಿಟ್ಟಿರಬಹುದು. ತಿಂಗಳುಗಟ್ಟಲೆ ಕಟ್ಟಿದ್ದನ್ನು ಒಂದು ಉಸಿರಿನಲ್ಲಿ ಕೆಡವಿದೆನಲ್ಲ ಎಂದು ಲಿಫ್ಟಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಆಗ ಫೋನಿನಲ್ಲಿ ಒಂದು ಸಣ್ಣ ನಗು ಕೇಳಿಸಿತು. ನಗುವೋ ಅಳುವೋ, ಎರಡೂ ಇತ್ತು.

"ಎಲ್ರೂ ಹೀಗೇ ಅಂತೀರ ಅಲ್ವಾ ಚಿಕ್ಕಮ್ಮ," ಅಂದಳು ಹುಡುಗಿ. "ಸರಿ. ಇಲ್ಲೇ ಬೆಂಚಿನ ಮೇಲೆ ಕೂತಿರ್ತೀನಿ. ಜಗಳ ಮುಗಿಸ್ಕೊಂಡೇ ಬಾ."

ಲಿಫ್ಟಮ್ಮ ಜಗಳ ಮುಗಿಸಲಿಲ್ಲ. ಸೆಕ್ರೆಟರಿಯನ್ನು ಮಾತಿನ ನಡುವೆಯೇ ಬಿಟ್ಟು ಮೆಟ್ಟಿಲಿಳಿದಳು. ಕಂಬಿ ಹಿಡಿದು, ಮೂರನೇ ಮಹಡಿಯ ತಿರುವಿನಲ್ಲಿ ಕೆಲವು ನಿಮಿಷ ಕೂತು, ಸುಧಾರಿಸಿಕೊಂಡು ಇಳಿದಳು. ಕೆಳಗಿನಿಂದ ಮಾತು ಕೇಳುತ್ತಿತ್ತು. ಹುಡುಗಿ ಎರಡೂ ಬ್ಯಾಗನ್ನು ಕಾಲಿನ ನಡುವೆ ಇಟ್ಟುಕೊಂಡು ಬೆಂಚಿನ ಮೇಲೆ ಕೂತು, ಕಾವಲುಗಾರನಿಗೆ ಉಸಿರಾಡಲೂ ಬಿಡದ ಹಾಗೆ ಏನೋ ಕತೆ ಹೇಳುತ್ತಿದ್ದಳು. ಚಿಕ್ಕಮ್ಮನನ್ನು ಕಂಡು ಫೋನಿನಲ್ಲಿ ಗಂಟೆ ನೋಡಿದಳು.

"ಏಳು ನಿಮಿಷ," ಅಂದಳು. "ಐದು ಅಂದಿದ್ದೆ."

ಎರಡು ಬ್ಯಾಗಿನಲ್ಲಿ ಹೆಚ್ಚು ಭಾರದ್ದು ಯಾವುದೆಂದು ಎತ್ತಿ ನೋಡಿ, ಅದನ್ನು ಚಿಕ್ಕಮ್ಮನ ಕೈಗೆ ಕೊಟ್ಟಳು.